ಮುಯ್ಯಿ ಕಲಿತ ಉಪದೇಶಿಗಳು

ಉಪದೇಶಿಗಳ ಬಲಗೈಯಲ್ಲಿ ಬೆರಳಿನಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಎಡಗೈ ಎಲ್ಲರ ಕೈಯಂತೆಯೇ ಇತ್ತು. ಬಲಗೈ ಮಾತ್ರ ನುಣ್ಣಗೆ, ಕೆಂಪಗೆ ಮಿನುಗುತ್ತಿತ್ತು. ಕೊಪ್ಪರಿಗೆಯ ಪಕ್ಕ ನಿಂತು ಉದ್ದನೆಯ ಕೋಲಿನಿಂದ ಗಂಜಿ ತಿರುವುವಾಗ ಒಲೆಯ ಝಳ ದಿನವೂ ಬಡಿದು ಹಾಗಾಗಿತ್ತು. ನಮ್ಮ ಕೇರಿಯ ಹುಡುಗರಿಗೆ ಅದನ್ನು ಮುಟ್ಟಿ ನೋಡುವುದೇ ಒಂದು ಆಟ. ಅವರು ಬೈಯುತ್ತಿರಲಿಲ್ಲ. ಮುಟ್ಟಿಸಿಕೊಂಡು, ಆ ಹುಡುಗನ ಕೈಯನ್ನೂ ಹಿಡಿದು ತಿರುಗಿಸಿ ನೋಡಿ, ಉಗುರಿನಲ್ಲಿ ಮಣ್ಣಿದ್ದರೆ ಕೈ ತೊಳೆದು ಬರಲು ಕಳಿಸುತ್ತಿದ್ದರು.

ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಹಾಸನದ ಕ್ರೈಸ್ತ ಸಭೆಯವರು ಅವರನ್ನು ಉಪದೇಶಿಯಾಗಿ ನೇಮಿಸಿದ್ದರು. ಎಂದರೆ ಪಾದ್ರಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನವರು, ಸೈಕಲ್ಲಿನಲ್ಲಿ ಹಳ್ಳಿಹಳ್ಳಿ ತಿರುಗಿ ಬೈಬಲ್ ಓದಿ ಹೇಳುವವರು. ಹುಟ್ಟಿ ಬೆಳೆದದ್ದು ಮೈಸೂರು ಪೇಟೆಯಲ್ಲಿ. ಆಡುತ್ತಿದ್ದ ಕನ್ನಡ ಪುಸ್ತಕದ ಕನ್ನಡ. ಮೂಗು ಸುರಿಯುವ ಮಗುವನ್ನೂ 'ತಾವು' ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ನಮ್ಮ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದರು.

ನನಗೆ ಹೈಸ್ಕೂಲಿನಿಂದಲೂ ಡೈರಿ ಬರೆಯುವ ರೂಢಿ. ಮಳೆ ಬಂದ ದಿನ, ಬಸ್ಸು ತಪ್ಪಿದ ದಿನ, ಯಾರ ಮನೆಯ ಹಸು ಕರು ಹಾಕಿತು, ಎಲ್ಲವನ್ನೂ ಬರೆದಿಡುತ್ತೇನೆ. ಆದ್ದರಿಂದ ಅವರು ಬಂದ ದಿನವೂ ನನ್ನಲ್ಲಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಮನೆಯಲ್ಲಿ ಕೂತಿದ್ದ ವರ್ಷ, ಆಷಾಢದ ಕೊನೆಯ ವಾರ. ಹೊಳೆನರಸೀಪುರದಿಂದ ಕೆಳಗೆ, ಹೇಮಾವತಿಯ ದಂಡೆಯಲ್ಲೇ ನಮ್ಮೂರು. ಊರು ದಿಬ್ಬದ ಮೇಲೆ, ನಮ್ಮ ಕೇರಿ ತಗ್ಗಿನಲ್ಲಿ. ಸಕಲೇಶಪುರದ ಕಡೆ ಮಳೆ ಬಿಡದೆ ಹೊಯ್ಯುತ್ತಿದೆ ಎಂದು ಬಸ್ಸಿನವರು ಹೇಳುತ್ತಿದ್ದರು. ನಮ್ಮಲ್ಲಿ ಬಿಸಿಲಿತ್ತು. ಆ ಬಿಸಿಲಿನಲ್ಲೇ ಹೊಳೆ ಏರಿ ಕೇರಿಯೊಳಗೆ ಬಂತು.

ಜನ ಉಳಿದೆವು. ದನಗಳನ್ನು ಬಿಚ್ಚಿ ದಿಬ್ಬಕ್ಕೆ ಅಟ್ಟಿದ್ದರಿಂದ ಅವೂ ಉಳಿದವು. ಮಣ್ಣಿನ ಗೋಡೆಗಳು ಮಾತ್ರ ನೆನೆದ ಬೆಲ್ಲದಂತೆ ಕೂತುಬಿಟ್ಟವು. ಅದಕ್ಕಿಂತ ದೊಡ್ಡ ಪೆಟ್ಟು ಹಗೇವಿನದು. ನೆಲದೊಳಗೆ ರಾಗಿ ತುಂಬಿಟ್ಟಿದ್ದ ಆ ಗುಂಡಿಗೆ ನೀರು ನುಗ್ಗಿ, ಮುಂದಿನ ಸುಗ್ಗಿಯವರೆಗೆ ಕೇರಿ ಉಣ್ಣಬೇಕಾಗಿದ್ದ ಕಾಳೆಲ್ಲ ಕೊಳೆಯಿತು. ನೀರು ಇಳಿದ ಮೇಲೆ ಅದರ ಬಾಯಿ ತೆಗೆದಾಗ ಬಂದ ವಾಸನೆಗೆ ಗಂಡಸರೇ ಮುಖ ತಿರುಗಿಸಿ ಅತ್ತರು.

ಉಪದೇಶಿಗಳು ಬಂದದ್ದು ಅದರ ಮಾರನೆಯ ದಿನ. ಕೆಸರಿನಲ್ಲಿ ಸೈಕಲ್ ತುಳಿಯಲಾಗದೆ ಹೆಗಲ ಮೇಲೆ ಹೊತ್ತಿದ್ದರು. ಹಿಂದೆ ಒಂದು ಬಾಡಿಗೆ ಗಾಡಿ. ಅದರಲ್ಲಿ ಹಾಸನದ ಸಭೆಯವರು ಸುಗ್ಗಿ ಹಬ್ಬಕ್ಕೆ ಬಳಸುತ್ತಿದ್ದ ತಾಮ್ರದ ಕೊಪ್ಪರಿಗೆ, ಗೋಧಿ ನುಚ್ಚಿನ ಮೂಟೆಗಳು, ಅಮೆರಿಕದ ಹಾಲಿನ ಪುಡಿ. ಯಾರು, ಯಾಕೆ ಎಂದು ನಾವು ಕೇಳುವ ಮುಂಚೆ ಅವರು ಸ್ಕೂಲಿನ ಪಕ್ಕದ ಹೊಂಗೆ ಮರದ ಕೆಳಗೆ ಮೂರು ಕಲ್ಲು ಹೂಡಿದ್ದರು. 'ಮೊದಲು ಒಲೆ, ಆಮೇಲೆ ಮಾತು' ಎನ್ನುವುದು ಅವರ ಮಾತು. ಇದನ್ನು ನಾನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ.

ಒಲೆ ಹಚ್ಚುವ ಮುಂಚೆ ಒಬ್ಬರೇ ಕಣ್ಣು ಮುಚ್ಚಿ ನಿಂತು ಪ್ರಾರ್ಥನೆ ಮಾಡುತ್ತಿದ್ದರು. ಅದು ಬಿಟ್ಟರೆ, ಎಲ್ಲರೂ ಉಂಡು, ಕೊಪ್ಪರಿಗೆ ತೊಳೆದು ಬೋರಲು ಹಾಕುವವರೆಗೆ ಬೈಬಲನ್ನು ಚೀಲದಿಂದ ಹೊರಗೆ ತೆಗೆಯುತ್ತಿರಲಿಲ್ಲ. ನಾನೊಮ್ಮೆ ಯಾಕೆ ಎಂದು ಕೇಳಿದ್ದಕ್ಕೆ, "ಹಸಿದವರು ಆಮೆನ್ ಹೇಳಿದರೆ ಅದನ್ನು ಗಂಜಿಗೆ ಹೇಳಿದ್ದಾರೋ ದೇವರಿಗೆ ಹೇಳಿದ್ದಾರೋ ನನಗೆ ತಿಳಿಯುವುದಿಲ್ಲ" ಎಂದರು. ಆಮೇಲೆ ಮರದ ಕೆಳಗೆ ಕೂತು ಓದುತ್ತಿದ್ದರು. ಕೂರುವವರು ಕೂರುತ್ತಿದ್ದರು, ಕೆಸರು ಬಳಿಯಲು ಹೋಗುವವರು ಹೋಗುತ್ತಿದ್ದರು. ಮುಂದೆ ನಮ್ಮ ಕೇರಿಯ ಕೆಲವು ಮನೆಯವರು ಸಭೆಗೆ ಸೇರಿದರು. ನಮ್ಮ ಮನೆಯವರು ಸೇರಲಿಲ್ಲ. ಬಡಿಸುವಾಗ ಅವರ ಸೌಟು ಯಾರ ತಟ್ಟೆಗೂ ಹೆಚ್ಚುಕಡಿಮೆ ಆದದ್ದನ್ನು ನಾನು ಕಾಣಲಿಲ್ಲ.

ಆದರೆ ಅಡಿಗೆ ಮಾತ್ರ ಅವರಿಗೆ ಬರುತ್ತಿರಲಿಲ್ಲ. ನುಚ್ಚು ತಳ ಹತ್ತಿ ಮೇಲೆ ಬೇಯದೆ ಉಳಿಯುತ್ತಿತ್ತು. ಉಪ್ಪನ್ನು ಎಡಗೈಯ ಹಿಂಭಾಗದ ಮೇಲೆ ಹಾಕಿ ನೆಕ್ಕಿ ನೋಡಿ, ತಲೆಯಾಡಿಸಿ, ಮತ್ತೆ ಒಂದು ಹಿಡಿ ಸುರಿದುಬಿಡುತ್ತಿದ್ದರು. ಹಾಲಿನ ಪುಡಿಯದಂತೂ ಬೇರೆ ಕತೆ. ಮಕ್ಕಳು ಪುಡಿಯನ್ನೇ ಮುಕ್ಕಿ, ಅದು ಅಂಗುಳಿಗೆ ಅಂಟಿಕೊಂಡು ಮಾತು ಬಾರದೆ ಕೂರುತ್ತಿದ್ದವು. ನಮ್ಮಜ್ಜಿ ಆ ಹಾಲಿಗೆ ಹೆಪ್ಪು ಹಾಕಿ ಎರಡು ದಿನ ಕಾದು, ಮೊಸರಾಗದಿದ್ದಾಗ ಅಮೆರಿಕದ ಹಸುಗಳ ಮೇವಿನ ಬಗ್ಗೆ ಬಹಳ ಸಂದೇಹಪಟ್ಟಳು.

ಅಜ್ಜಿಯ ವಿಷಯ ಇಲ್ಲಿ ಹೇಳಲೇಬೇಕು. ನನ್ನ ತಂದೆಯ ತಾಯಿ. ಕೇರಿಗೆಲ್ಲ ಹಿರಿಯಳು, ಅವಳ ಮಾತು ದಾಟುವವರು ಕಡಿಮೆ. ಅವಳು ಉಪದೇಶಿಗಳನ್ನು ಮೊದಲ ದಿನದಿಂದಲೇ 'ಉಪದೇಸಪ್ಪ' ಎಂದು ಕರೆದು, ಏಕವಚನದಲ್ಲೇ ಮಾತಾಡಿಸಿದಳು. ನಮ್ಮವರ ಪದ್ಧತಿಯಲ್ಲಿ ಅದು ಮನೆಯವರಿಗೆ ಕೊಡುವ ಮರ್ಯಾದೆ.

ಗಂಜಿ ಶುರುವಾಗಿ ಕೆಲವು ದಿನಗಳಲ್ಲೇ ಜನ ಬರಿಗೈಯಲ್ಲಿ ಬರುವುದನ್ನು ಬಿಟ್ಟರು. ಒಬ್ಬ ಒಂದು ಹೊರೆ ಸೌದೆ ತಂದ. ಒಬ್ಬಳು ಬದುವಿನಲ್ಲಿ ಹುಡುಕಿ ಅಣ್ಣೆಸೊಪ್ಪು ತಂದಳು. ಯಾರೂ ಹೇಳದೆಯೇ ಹುಡುಗರು ಹೊಂಗೆ ಮರದ ಸುತ್ತ ಕೆಸರು ತೆಗೆದು ಮರಳು ಹಾಸಿದರು. ಉಪದೇಶಿಗಳು ಎಲ್ಲರಿಗೂ ಕೈಮುಗಿದು, ಬೇಡ ಬೇಡ ಎನ್ನುತ್ತಿದ್ದರು. ಸೌದೆಯನ್ನು ಹಾಸನದಿಂದಲೇ ತರಿಸಿದ್ದೇವೆ, ತಾವು ತಮ್ಮ ಮನೆಗೆ ಇಟ್ಟುಕೊಳ್ಳಿ ಎನ್ನುತ್ತಿದ್ದರು. ಜನ ಅದನ್ನು ಪೇಟೆಯವರ ನಾಚಿಕೆ ಎಂದುಕೊಂಡು ಇಟ್ಟು ಹೋಗುತ್ತಿದ್ದರು.

ಶ್ರಾವಣದ ಮೊದಲ ಭಾನುವಾರ ಹಾಸನದಿಂದ ಸಭೆಯ ಹಿರಿಯರೊಬ್ಬರು ಜೀಪಿನಲ್ಲಿ ಬಂದರು. ಕೋಟು ತೊಟ್ಟ, ಗಂಭೀರವಾದ ಮನುಷ್ಯ. ಸಾಮಾನು ಕಳಿಸುವುದು, ನಿಲ್ಲಿಸುವುದು ಎರಡೂ ಅವರ ಕೈಯಲ್ಲಿತ್ತು. ಅವರು ನೋಡುತ್ತಿದ್ದಾಗಲೇ ನಮ್ಮಜ್ಜಿ ಕಂಕುಳಲ್ಲಿ ಒಂದು ಕೋಳಿ ಹಿಡಿದು ಬಂದಳು. ಹೊಳೆ ಬಂದಾಗ ಹೊಂಗೆ ಮರ ಹತ್ತಿ ಉಳಿದುಕೊಂಡಿದ್ದ ಕೋಳಿ. ಕೇರಿಯಲ್ಲಿ ಉಳಿದಿದ್ದೇ ಅದೊಂದು. ಅದನ್ನು ಉಪದೇಶಿಗಳ ಮುಂದೆ ಇಟ್ಟು, ಇವತ್ತು ಕೊಪ್ಪರಿಗೆಗೆ ಇದು ಬೀಳಲಿ ಎಂದಳು.

ಉಪದೇಶಿಗಳಿಗೆ ಮುಜುಗರವಾಯಿತು. ಹಿರಿಯರ ಮುಂದೆ, ಕೈಗೆ ಏನೋ ತೆಗೆದುಕೊಂಡು ಗಂಜಿ ಹಾಕುತ್ತಿದ್ದಾರೆ ಎಂದು ಕಾಣಬಾರದಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಅಮ್ಮಾ, ಇದು ದೇವರ ಹೆಸರಿನಲ್ಲಿ ಕೊಡುತ್ತಿರುವ ದಾನ. ದಾನಕ್ಕೆ ಬೆಲೆ ಕೊಡಬಾರದು. ತಾವು ಬಡವರು. ಸುಮ್ಮನೆ ಉಂಡು ಹೋಗಿ."

ಅಜ್ಜಿ ಕೋಳಿಯನ್ನು ಎತ್ತಿಕೊಂಡಳು. "ಆಗ್ಲಿ ಬುದ್ಧಿ" ಎಂದಳು. ಉಣ್ಣದೆ ಹೋದಳು.

'ಬುದ್ಧಿ' ಎನ್ನುವುದು ನಮ್ಮವರು ಗೌಡರ ಅಂಗಳದಲ್ಲಿ, ತಲೆಯ ಮೇಲಿನ ಟವಲನ್ನು ಕಂಕುಳಿಗೆ ಇಳಿಸಿಕೊಂಡು ಆಡುವ ಮಾತು. ಪೇಟೆಯಲ್ಲಿ ಬೆಳೆದ ಉಪದೇಶಿಗಳಿಗೆ ಅದು ಗೌರವದಂತೆ ಕೇಳಿಸಿರಬೇಕು. ಸಾಲಿನಲ್ಲಿ ನಿಂತಿದ್ದ ನಮಗೆಲ್ಲ ಕೇಳಿಸಿದ್ದೇ ಬೇರೆ.

ಮಾರನೆಯ ದಿನದ ನನ್ನ ಡೈರಿಯ ಪುಟದಲ್ಲಿ ಇಷ್ಟೇ ಇದೆ: 'ಇಂದು ಗಂಜಿಗೆ ಯಾರೂ ಹೋಗಲಿಲ್ಲ.' ಅದರ ಮಾರನೆಯ ದಿನವೂ ಅದೇ ಸಾಲು. ಕೊಪ್ಪರಿಗೆ ತುಂಬ ನುಚ್ಚು ಬೆಂದು ತಣ್ಣಗಾಗಿ ಕಲ್ಲಾಯಿತು. ಕಾಗೆಗಳು ತಿಂದವು. ಕೇರಿಯಲ್ಲಿ ಮಕ್ಕಳು ಗದ್ದೆಯ ಏಡಿ ಸುಟ್ಟು ತಿಂದವು, ದೊಡ್ಡವರು ಹುರಿದ ಹುಣಸೆ ಬೀಜ ಅಗಿದರು. ನನ್ನ ಅಕ್ಕನ ಚಿಕ್ಕ ಮಗ ಅಳುವುದನ್ನೂ ನಿಲ್ಲಿಸಿ ಮಲಗಿಬಿಟ್ಟಿದ್ದ. ಆದರೂ ಅಜ್ಜಿಯ ಮಾತು ದಾಟಿ ಹೋಗಲು ಅಕ್ಕನಿಗೆ ಧೈರ್ಯವಿರಲಿಲ್ಲ. ಅತ್ತ ಅಜ್ಜಿ ಉಣ್ಣದೆ ಹೋದದ್ದನ್ನು ಕಂಡಿದ್ದ ಹಿರಿಯರು ಭಾನುವಾರ ಹೊರಡುವಾಗಲೇ, ಜನಕ್ಕೆ ಬೇಡವಾದರೆ ಬರುವ ಭಾನುವಾರ ಕೊಪ್ಪರಿಗೆ ವಾಪಸು ಹೇರಿಸಿಬಿಡಿ, ಬೇರೆ ಕಡೆ ಕೇಳುವವರಿದ್ದಾರೆ ಎಂದು ಖಚಿತವಾಗಿ ಹೇಳಿಹೋಗಿದ್ದರು.

ಎರಡನೆಯ ದಿನ ಸಂಜೆ ಉಪದೇಶಿಗಳು ಸ್ಕೂಲಿನ ಜಗಲಿಯಲ್ಲಿ ನನ್ನನ್ನು ಹಿಡಿದು ಕೂರಿಸಿ, ಏನು ತಪ್ಪಾಯಿತು ಎಂದು ಕೇಳಿದರು. ಮುಯ್ಯಿಯ ವಿಷಯ ಹೇಳಿದೆ. ಮದುವೆಗೆ ನಂಟರು ಮುಯ್ಯಿ ಇಡುತ್ತಾರೆ, ಅವರ ಮನೆ ಮದುವೆಗೆ ನಾವು ಇಡುತ್ತೇವೆ. ಗದ್ದೆ ನಾಟಿಗೆ ಅವರು ನಮಗೆ ಮುಯ್ಯಾಳು ಬರುತ್ತಾರೆ, ಅವರ ಗದ್ದೆಗೆ ನಾವು ಹೋಗುತ್ತೇವೆ. ಅದು ಬೆಲೆಯಲ್ಲ, ಸಾಲವೂ ಅಲ್ಲ. ಕೊಟ್ಟು ತೆಗೆದುಕೊಳ್ಳುವವರು ಸರಿಸಮ ಎನ್ನುವ ಲೆಕ್ಕ. ಗೌಡರ ಮನೆಯವರು ನಮಗೆ ಹಬ್ಬದಲ್ಲಿ ಉಳಿದದ್ದು ಹಾಕುತ್ತಾರೆ, ನಮ್ಮಿಂದ ಮುಯ್ಯಿ ಮುಟ್ಟುವುದಿಲ್ಲ. ಅಜ್ಜಿ ನಿಮ್ಮನ್ನು ನಂಟರ ಸಾಲಿನಲ್ಲಿ ಇಟ್ಟುಕೊಂಡಿದ್ದಳು ಎಂದೆ.

ಉಪದೇಶಿಗಳು ಎದ್ದು, ಬೆಳಕಿರುವಾಗಲೇ ಹೋಗೋಣ ಎಂದು ನನ್ನೊಂದಿಗೆ ಕೇರಿಗೆ ಬಂದರು. ಗೋಡೆ ಬಿದ್ದ ಮನೆಗೆ ನಾವು ಸೋಗೆಯ ಮರೆ ಕಟ್ಟಿಕೊಂಡಿದ್ದೆವು. ಅಜ್ಜಿ ಅದರ ಮುಂದೆ ಕೂತಿದ್ದಳು. ಎದ್ದು ನಿಂತಳು. ಅವರು ಕೂರಲು ಹೇಳಿದರೂ ಕೂರಲಿಲ್ಲ.

"ಏನ್ ಬುದ್ಧಿ, ಗಂಜಿ ಎಚ್ಚಾಯ್ತಾ?" ಎಂದಳು.

ಉಪದೇಶಿಗಳು ನೆಲದ ಮೇಲೆ ಕೂತರು. "ಅಮ್ಮಾ, ನನ್ನನ್ನು ಹಾಗೆ ಕರೆಯಬೇಡಿ."

"ಇನ್ನೆಂಗ್ ಕರೀಲಿ? ಸೆರಗೊಡ್ಡಿ ಇಸ್ಕೊಳಾದು ನಮ್ಗೆ ಒಸ್ದಲ್ಲ ಕಣ್ ಬುದ್ಧಿ. ಗೌಡ್ರ ಅಟ್ಟಿ ಮುಂದೆ ಮಾಡ್ಕಂಡ್ ಬಂದಿರಾ ಕೆಲ್ಸನೇಯ. ನೀನು ಸೈಕಲ್ ಒತ್ಕಂಡ್ ಕೆಸ್ರಲ್ಲಿ ಬಂದೆ. ನಮ್ ಮಕ್ಳ ಎಂಜ್ಲು ತೊಳ್ದೆ. ಯಾರೋ ನಂಟ ಬಂದ ಅಂದ್ಕಂಡೋ. ನಂಟ್ರ ಮನೇಲಿ ಉಂಡು ಬರೀ ಕೈ ಒದ್ರಕಂಡ್ ಬರಕ್ಕಾಯ್ತದಾ?"

ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಬಹಳ ಮೆಲ್ಲಗೆ ಕೇಳಿದರು: "ಆ ಕೋಳಿ ಇದೆಯೇ ಅಮ್ಮಾ? ಕೊಟ್ಟರೆ ತೆಗೆದುಕೊಂಡು ಹೋಗುತ್ತೇನೆ."

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನೆಯಿಂದ ಮೊಟ್ಟೆ ಇಕ್ತಾ ಅದೆ. ಈಗ್ ಕೊಡಾಕಿಲ್ಲ ಓಗು" ಎಂದಳು. ಅಕ್ಕ ಮರೆಯೊಳಗೆ ಕಿಸಕ್ಕನೆ ನಕ್ಕಳು. ಅಜ್ಜಿ ಕೂತಳು. "ಕೋಳಿ ಆಸೆ ಬುಡು ಉಪದೇಸಪ್ಪ. ನೀನ್ ಮಾಡಾದು ಗಂಜಿ ಅಲ್ಲ, ಗ್ವಾಡೆಗ್ ಮೆತ್ತಾ ಅಂಟು. ನಾಳೀಕ್ ನಾನ್ ಬಂದ್ ತಿರುವ್ತೀನಿ. ಅದಾದ್ರೂ ಇಸ್ಕತೀಯಾ?"

ಇಸಿದುಕೊಳ್ಳುತ್ತೇನೆ ಎಂದು ಅವರು ಕೈಮುಗಿದರು.

ಬೆಳಗಾಗುವಷ್ಟರಲ್ಲಿ ಅಜ್ಜಿಯ ಹಿಂದೆ ಕೇರಿಯ ಹೆಂಗಸರೆಲ್ಲ ಹೊಂಗೆ ಮರದ ಕೆಳಗೆ ಇದ್ದರು. ನುಚ್ಚನ್ನು ಮೊದಲು ಹುರಿಯಬೇಕು, ಸೊಪ್ಪು ಬೇಯಿಸಿ ಕಡೆಯಬೇಕು, ಉಪ್ಪು ಕೊನೆಗೆ ಹಾಕಬೇಕು ಎಂದು ಉಪದೇಶಿಗಳಿಗೆ ಪಾಠವಾಯಿತು. ಅವರು ಕೋಲು ಹಿಡಿದುಕೊಂಡೇ ಇರುತ್ತೇನೆ ಎಂದು ಹಟ ಮಾಡಿದ್ದರಿಂದ ತಿರುವುವುದನ್ನು ಅವರಿಗೇ ಬಿಟ್ಟರು. ಅಕ್ಕನ ಮಗ ಎರಡು ಸಲ ಬಡಿಸಿಕೊಂಡ. ಅಂದು ಕೊಪ್ಪರಿಗೆ ತೊಳೆದ ಮೇಲೆ ಉಪದೇಶಿಗಳು ಬೈಬಲ್ ತೆರೆದರು, ಆದರೆ ಓದಲಿಲ್ಲ. "ಕೃಪೆಗೆ ಬೆಲೆಯಿಲ್ಲ ಎಂದು ನಾನು ಇಷ್ಟು ವರ್ಷ ಸಾರಿದ್ದೇನೆ. ಅದು ಸುಳ್ಳಲ್ಲ. ಆದರೆ ಕೊಡುವುದನ್ನು ಮಾತ್ರ ಕಲಿತಿದ್ದೆ. ತೆಗೆದುಕೊಳ್ಳುವುದನ್ನು ಕಲಿತಿರಲಿಲ್ಲ" ಎಂದು ಹೇಳಿ ಪುಸ್ತಕ ಮುಚ್ಚಿದರು. ಅದು ನಾನು ಕೇಳಿದ ಅವರ ಉಪದೇಶಗಳಲ್ಲೆಲ್ಲ ಚಿಕ್ಕದು.

ಭಾನುವಾರ ಕೊಪ್ಪರಿಗೆ ಹೇರಿಸಲು ಬಂದ ಹಿರಿಯರು ಸಾಲು ನೋಡಿ ಬೆರಗಾದರು. ಸೌದೆ, ಸೊಪ್ಪು ಎಲ್ಲ ಜನರಿಂದಲೇ ಬರುತ್ತಿದೆ ಎಂದು ತಿಳಿದಾಗ, ಹೀಗೆ ತೆಗೆದುಕೊಳ್ಳುವುದು ಸರಿಯೇ ಎಂದು ಕೇಳಿದರು. ಉಪದೇಶಿಗಳು ಕೋಲು ಬಿಡದೆಯೇ ಉತ್ತರ ಕೊಟ್ಟರು. ಅಯ್ಯಾ, ಇವರು ನಮ್ಮಿಂದ ತೆಗೆದುಕೊಳ್ಳಬೇಕಾದರೆ ನಾವು ಇವರಿಂದ ತೆಗೆದುಕೊಳ್ಳಬೇಕು, ಇಲ್ಲಿ ಬೇರೆ ದಾರಿಯಿಲ್ಲ ಎಂದರು. ಹಿರಿಯರು ಒಪ್ಪಿದರೋ ಇಲ್ಲವೋ, ಸುಗ್ಗಿಯವರೆಗೆ ಸಾಮಾನು ಕಳಿಸಿದರು. ನೀವೂ ಒಂದಿಷ್ಟು ಉಣ್ಣಿ ಎಂದು ಅಜ್ಜಿ ಹೇಳಿದ್ದಕ್ಕೆ, ಹಾಸನದಲ್ಲಿ ಊಟವಿದೆ ಎಂದು ಜೀಪು ಹತ್ತಿದರು.

ಆ ಸುಗ್ಗಿ ಚೆನ್ನಾಗಿ ಬಂತು. ಹೊಳೆ ಮನೆ ಕಿತ್ತುಕೊಂಡರೂ ಹೊಲದಲ್ಲಿ ಒಳ್ಳೆಯ ಮಣ್ಣು ಬಿಟ್ಟುಹೋಗಿತ್ತು. ಗೋಡೆಗಳು ಎದ್ದವು. ಊರಿನ ಗೌಡರೊಬ್ಬರು ತಮ್ಮ ಮೆಳೆಯ ಬಿದಿರು ಕೊಟ್ಟರು. ಉಪದೇಶಿಗಳು ಅವರ ಬಳಿ ಹೋಗಿ, ಇದಕ್ಕೆ ಕೇರಿಯವರು ಮುಯ್ಯಾಳು ಬರುತ್ತಾರೆ, ತಾವು ಬೇಡ ಎನ್ನಬಾರದು ಎಂದು ವಿನಯದಿಂದ ಹೇಳಿಬಂದರು. ಗೌಡರು ನಕ್ಕು ಒಪ್ಪಿದರು. ನಮ್ಮ ಹುಡುಗರು ಅವರ ಬಾವಿಯ ಹೂಳು ತೆಗೆದು, ಅಂದು ಅವರ ಜಗಲಿಯ ಮೇಲೆ ಕೂತು ಉಂಡು ಬಂದರು. ಜಗಲಿಯ ಮೇಲೆ ಎನ್ನುವುದನ್ನು ನಾನು ಡೈರಿಯಲ್ಲಿ ಅಡಿಗೆರೆ ಎಳೆದು ಬರೆದಿದ್ದೇನೆ.

ಮರುವರ್ಷದ ಬೇಸಿಗೆಯಲ್ಲಿ ಚನ್ನರಾಯಪಟ್ಟಣದ ಕಡೆಯ ಒಂದು ಕೇರಿಗೆ ಬೆಂಕಿ ಬಿದ್ದು ಸೋಗೆಯ ಮನೆಗಳೆಲ್ಲ ಉರಿದುಹೋದವು. ಸುದ್ದಿ ಬಂದ ಸಂಜೆ ಉಪದೇಶಿಗಳು ಹಾಸನಕ್ಕೆ ಹೋಗಿ ಸಾಮಾನು ಕೇಳಬೇಕೆಂದು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅಷ್ಟರಲ್ಲಾಗಲೇ ನಮ್ಮವರು ಗಾಡಿ ಕಟ್ಟುತ್ತಿದ್ದರು. ಬಿದಿರು, ತೆಂಗಿನ ಗರಿ, ಹೊಸ ರಾಗಿ, ಅದರ ಮೇಲೆ ನಮ್ಮಲ್ಲೇ ಉಳಿದಿದ್ದ ಕೊಪ್ಪರಿಗೆ, ಕೊಪ್ಪರಿಗೆಯ ಪಕ್ಕದಲ್ಲಿ ಅಜ್ಜಿ. ಉಪದೇಶಿಗಳು ಪಂಪು ಹಿಡಿದು ಹಾಗೆಯೇ ನಿಂತರು. ಆಮೇಲೆ ಸೈಕಲ್ಲನ್ನೂ ಗಾಡಿಗೆ ಹಾಕಿ ನಡೆದುಕೊಂಡು ಬಂದರು.

ಸುಟ್ಟ ಕೇರಿಯವರು ನಮ್ಮನ್ನು ಅನುಮಾನದಿಂದ ನೋಡಿದರು. ಯಾವೂರಿನವರೋ, ಯಾಕೆ ಬಂದಿದ್ದಾರೋ ಎಂದು ಬೂದಿಯ ನಡುವೆ ಕೂತವರು ಏಳಲಿಲ್ಲ. ಅಜ್ಜಿ ಗಾಡಿಯ ಮೇಲಿಂದಲೇ ಕೂಗಿದಳು: "ಓದೊರ್ಸ ನಾವ್ ನೆಂದೋ, ಈ ವರ್ಸ ನೀವ್ ಬೆಂದ್ರಿ. ಮುಂದಿನ್ ವರ್ಸ ಯಾರ್ದೋ. ಏಳ್ರವ್ವಾ, ಮೂರು ಕಲ್ ತನ್ನಿ." ಒಬ್ಬಳು ನಕ್ಕಳು. ಎದ್ದು ಕಲ್ಲು ತಂದಳು.

ಮುಂದೆ ಹಾಸನದ ಸಭೆಯವರು ಈ ಕೆಲಸಕ್ಕೆ ಪರಿಹಾರ ಸೇವೆ ಎಂದು ಹೆಸರಿಟ್ಟರು. ಅವರ ಕಾಗದಗಳಲ್ಲಿ ಅದು ಶುರುವಾದ ದಿನ ಬೇರೆಯೇ ಇದೆ. ಅಲ್ಲಿ ಸಭೆ ಸೇರಿ ತೀರ್ಮಾನ ಮಾಡಿದ ದಿನ ಅದು. ಉಪದೇಶಿಗಳು ಮಾತ್ರ ಅದು ಹುಟ್ಟಿದ ದಿನ ಯಾವುದೆಂದು ಕೇಳಿದವರಿಗೆಲ್ಲ, ಆ ಹೆಂಗಸು ಎದ್ದು ಕಲ್ಲು ತಂದ ದಿನ ಎನ್ನುತ್ತಿದ್ದರು. ಆ ದಿನ ಯಾವುದೆಂದು ಮರೆತು ನನ್ನನ್ನು ಕೇಳುತ್ತಿದ್ದರು. ನಾನು ಡೈರಿ ನೋಡಿ ಹೇಳುತ್ತಿದ್ದೆ.

ಆಮೇಲಿನ ವರ್ಷಗಳಲ್ಲಿ ಕೊಪ್ಪರಿಗೆ ಎಲ್ಲೆಲ್ಲಿಗೆ ಹೋಯಿತು ಎಂಬುದೆಲ್ಲ ನನ್ನಲ್ಲಿದೆ. ಇಲ್ಲಿ ಬರೆದರೆ ಬರೀ ಊರುಗಳ ಪಟ್ಟಿಯಾಗುತ್ತದೆ. ಉಣ್ಣಿಸಿಕೊಂಡ ಊರಿನವರು ಮುಂದಿನ ಊರಿಗೆ ಹೊರುವುದು ರೂಢಿಯಾಗಿ ಬಂತು. ಹಾಸನದಿಂದ ಸಾಮಾನು ಬಂದರೂ ಸರಿ, ತಡವಾದರೂ ಸರಿ. ಉಪದೇಶಿಗಳು ಕೊನೆಯವರೆಗೂ ಎಲ್ಲರ ಕೊನೆಗೆ ಉಣ್ಣುತ್ತಿದ್ದರು, ಕೊನೆಯವರೆಗೂ ಉಪ್ಪು ಹೆಚ್ಚು ಹಾಕುತ್ತಿದ್ದರು. ನನಗೆ ಮೇಷ್ಟರ ಕೆಲಸ ಸಿಕ್ಕ ದಿನ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನವರೆಗೆ ಬಂದು, ಕೈಗೆ ಏನೂ ಕೊಡದೆ, ನನ್ನ ಬುತ್ತಿಯಲ್ಲಿ ಅರ್ಧ ಕೇಳಿ ಉಂಡು ಕಳಿಸಿದರು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಅವರು ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಹಳ ದಿನ ನರಳಲಿಲ್ಲ. ಹಿಂದಿನ ದಿನ ನೋಡಲು ಹೋದವರ ಬಳಿ, ಆಸ್ಪತ್ರೆಯ ಗಂಜಿ ಚೆನ್ನಾಗಿ ತಿರುವಿಲ್ಲ ಎಂದು ದೂರಿದ್ದರಂತೆ. ಹಾಸನದಲ್ಲೇ ಮಣ್ಣು ಮಾಡಿದರು.

ಅದಾಗಿ ಕೆಲವು ದಿನಗಳಲ್ಲಿ ಅದೇ ಹಿರಿಯರು ನಮ್ಮ ಕೇರಿಗೆ ಬಂದರು. ಅವರಿಗೂ ವಯಸ್ಸಾಗಿತ್ತು, ಕೋಟು ಸಡಿಲವಾಗಿತ್ತು. ನಾನು ರಜೆಯಲ್ಲಿ ಮನೆಯಲ್ಲಿದ್ದೆ. ಉಪದೇಶಿಗಳಿಲ್ಲದೆ ಸೇವೆ ನಡೆಸುವವರು ಯಾರೂ ಇಲ್ಲ, ಮುಚ್ಚುವುದೆಂದು ಸಭೆ ತೀರ್ಮಾನಿಸಿದೆ, ಕೊಪ್ಪರಿಗೆಯನ್ನು ಹೇರಿಕೊಂಡು ಹೋಗುತ್ತೇನೆ ಎಂದರು.

ಅಜ್ಜಿ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಈಚೆ ಬಂದು, "ಕೊಪ್ಪರಿಗೆ ಇಲ್ಲಿಲ್ಲ ಸಾ" ಎಂದಳು. ಅರಕಲಗೂಡಿನ ಕಡೆ ಗಾಳಿಮಳೆಗೆ ಮನೆಗಳು ಬಿದ್ದಿವೆ, ಚನ್ನರಾಯಪಟ್ಟಣದ ನಂಟರು ಬಂದು ಹೊತ್ತುಕೊಂಡು ಹೋದರು, ನಮ್ಮ ಹುಡುಗರೂ ಜೊತೆಗೆ ಹೋಗಿದ್ದಾರೆ ಎಂದಳು.

ಯಾರ ಅಪ್ಪಣೆಯ ಮೇಲೆ ಎಂದು ಹಿರಿಯರು ಕೇಳಿದರು.

"ಅಪ್ಣೆ ಕೊಡೋರು ಮಣ್ಣಾದ್ರಲ್ಲ ಸಾ. ಅಂಗಂತ ಮನೆ ಬಿದ್ದೋರು ಅಸ್ಕಂಡ್ ಕೂತಿರ್ಲಾ?"

ಹಿರಿಯರು ಜಗಲಿಯ ಮೇಲೆ ಕೂತರು. ಅರಕಲಗೂಡಿನ ಆ ಊರಿಗೆ ದಾರಿ ಗೊತ್ತೇ ಎಂದು ನನ್ನನ್ನು ಕೇಳಿದರು. ಗೊತ್ತು ಎಂದು ಜೀಪು ಹತ್ತಿದೆ.

ನಾವು ಮುಟ್ಟಿದಾಗ ಊಟದ ಹೊತ್ತು. ಮಾವಿನ ಮರದ ಕೆಳಗೆ ಸಾಲು ಕೂತಿತ್ತು. ಬಡಿಸುತ್ತಿದ್ದವರಲ್ಲಿ ಅರ್ಧ ಜನರನ್ನು ನಾನೂ ಕಂಡಿರಲಿಲ್ಲ. ಹಿರಿಯರು ಮರದಿಂದ ಸ್ವಲ್ಪ ದೂರದಲ್ಲಿ ಕೈ ಕಟ್ಟಿಕೊಂಡು ನಿಂತರು. ಆ ಊರಿನ ಒಬ್ಬ ಹೆಂಗಸು ಅವರನ್ನು ನೋಡಿ ನನ್ನ ಬಳಿ ಬಂದು ಮೆಲ್ಲಗೆ ಕೇಳಿದಳು.

"ಇವ್ರು ಯಾವೂರ್ ನಂಟ್ರಣ್ಣ?"

ಹಾಸನದವರು ಎಂದೆ.

ಅವಳು ಸಾಲಿನ ಕೊನೆಯಲ್ಲಿದ್ದವರನ್ನು ಒತ್ತರಿಸಿ, ಒಂದು ಎಲೆ ಹಾಕಿ, ನೀರು ಚಿಮುಕಿಸಿದಳು. ಹಿರಿಯರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ನೆಲಕ್ಕೆ ಕೂತರು.